ಅಂಗಿ ತೋರಿಸಿ ಅತ್ತ ಹೆಂಗಸರು

(ಶಾಲೆಯ ಹಳೆ ವಿದ್ಯಾರ್ಥಿಗಳ ಬಳಗ ಮತ್ತು ಕ್ರೈಸ್ತ ಸಭೆಯ ಸ್ತ್ರೀಯರ ಅನ್ಯೋನ್ಯ ಕೂಟ ಸೇರಿ ಏರ್ಪಡಿಸಿದ್ದ ಸ್ಮರಣ ಉಪನ್ಯಾಸದ ಪಠ್ಯ)

ಸಭಾಪಾಲಕರೇ, ಅನ್ಯೋನ್ಯ ಕೂಟದ ಅಮ್ಮಂದಿರೇ, ದೊಡ್ಡ ಟೀಚರ ಕೈಯ ಬೆತ್ತದ ರುಚಿ ಕಂಡೂ ಪ್ರೀತಿಯಿಂದ ಇಲ್ಲಿಗೆ ಬಂದಿರುವ ಹಳೆಯ ವಿದ್ಯಾರ್ಥಿಗಳೇ,

ಆಮಂತ್ರಣ ಪತ್ರಿಕೆಯಲ್ಲಿ ನನ್ನ ಉಪನ್ಯಾಸದ ವಿಷಯ 'ಒಂದು ಆದರ್ಶ ಕ್ರೈಸ್ತ ಜೀವನ' ಎಂದು ಅಚ್ಚಾಗಿದೆ. ಅಚ್ಚು ಹಾಕಿಸಿದವರ ಕ್ಷಮೆ ಕೋರಿ ಆ ವಿಷಯವನ್ನು ಬದಿಗಿಡುತ್ತೇನೆ. ತೀರಿಹೋದ ಹಿರಿಯ ಹೆಂಗಸರ ಬಗ್ಗೆ ನಮ್ಮಲ್ಲಿ ಮಾತಾಡುವ ಒಂದು ಸಿದ್ಧ ರೀತಿ ಇದೆ. ದೈವಭಕ್ತೆ, ಪ್ರಾರ್ಥನಾಶೀಲೆ, ಸರಳ ಸಜ್ಜನಿಕೆಯ ವ್ಯಕ್ತಿ, ಮಕ್ಕಳು ಮೊಮ್ಮಕ್ಕಳು ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ. ಅತ್ತೆಯ ಬಗ್ಗೆ ಪತ್ರಿಕೆಯಲ್ಲಿ ಬಂದದ್ದೂ ಇಷ್ಟೇ, ಒಂದೂವರೆ ಇಂಚು. ಹೆಸರು ಬದಲಾಯಿಸಿದರೆ ಅದೇ ಪುಟದ ಇನ್ನೊಬ್ಬ ಅಜ್ಜಿಗೂ ಹೊಂದುತ್ತಿತ್ತು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅತ್ತೆಯೂ ಇರಲಿಲ್ಲ.

ಸಂಬಂಧದಲ್ಲಿ ಅವರು ನನ್ನ ತಂದೆಯ ಅಕ್ಕ. ನನಗೆ ಅತ್ತೆ, ಊರಿಗೆ ದೊಡ್ಡ ಟೀಚರ್. ಅವರ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಹೇಳದಿದ್ದರೂ ನಿಮಗೆ ಗೊತ್ತು. ಹೇಳಿದರೆ ಅವರಿಗೆ ಸಿಟ್ಟು ಬರುತ್ತಿತ್ತು ಎಂಬುದೂ ನಿಮಗೆ ಗೊತ್ತು.

ಅಪೊಸ್ತಲರ ಕೃತ್ಯಗಳು ಒಂಬತ್ತನೆಯ ಅಧ್ಯಾಯದಲ್ಲಿ ಯೊಪ್ಪ ಎಂಬ ಕಡಲತೀರದ ಊರಿನ ಒಬ್ಬ ಹೆಂಗಸಿನ ಸಾವಿನ ಸುದ್ದಿ ಬರುತ್ತದೆ. ಅವಳು ತಬಿಥಾ, ದೊರ್ಕ ಎಂದೂ ಕರೆಯುತ್ತಿದ್ದರು. ಪೇತ್ರನನ್ನು ಕರೆಸುತ್ತಾರೆ. ಅವನು ಮೇಲಂತಸ್ತಿನ ಕೋಣೆಗೆ ಬಂದಾಗ ಊರಿನ ವಿಧವೆಯರೆಲ್ಲ ಅಳುತ್ತಾ ಸುತ್ತ ನಿಂತಿದ್ದಾರೆ. ಅವರು ಅವಳ ಗುಣಗಾನ ಮಾಡುವುದಿಲ್ಲ. ಅವಳು ಬದುಕಿದ್ದಾಗ ಹೊಲಿದುಕೊಟ್ಟ ಅಂಗಿಗಳನ್ನು, ಹೊದಿಕೆಗಳನ್ನು ತೆಗೆದು ತೆಗೆದು ಪೇತ್ರನಿಗೆ ತೋರಿಸುತ್ತಾರೆ. ಅವಳು ಮತ್ತೆ ಎದ್ದಳು ಎಂಬ ಅದ್ಭುತದ ಮೇಲೆ ಪ್ರಸಂಗಗಳನ್ನು ಬೇಕಾದಷ್ಟು ಕೇಳಿದ್ದೇನೆ. ಅಂಗಿಗಳ ಮೇಲೆ ಒಂದನ್ನೂ ಕೇಳಿದ ನೆನಪಿಲ್ಲ. ಇದನ್ನು ಹೊಲಿದದ್ದು ಇವಳು, ಇದನ್ನು ಉಟ್ಟದ್ದು ನಾನು ಎಂದು ಆ ವಿಧವೆಯರು ಹೇಳಿದರಲ್ಲ, ಸತ್ತವರ ಬಗ್ಗೆ ಅದಕ್ಕಿಂತ ನಂಬುವಂಥ ಸಾಕ್ಷಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಇವತ್ತು ನಾನು ಮಾಡಹೊರಟಿರುವುದೂ ಅದನ್ನೇ.

ಮೊದಲು ಅವರು ಎಲ್ಲಿಂದ ಬಂದವರು ಎಂಬುದನ್ನು ಹೇಳಬೇಕು. ಇಲ್ಲಿರುವ ಎಳೆಯರಿಗೆ ಈ ಕತೆ ಮಸುಕಾಗಿದೆ. 1834ರಲ್ಲಿ ಸ್ವಿಜರ್ಲೆಂಡಿನ ಬಾಸೆಲ್ ಮಿಶನ್ನಿನ ಮೊದಲ ಪಾದ್ರಿಗಳು ಮಂಗಳೂರಿಗೆ ಬಂದರು. 1841ರಲ್ಲಿ ಮುದ್ರಣಾಲಯ ಶುರುವಾಯಿತು. ಮಿಶನ್ನಿನ ಪಾದ್ರಿ ಮೋಗ್ಲಿಂಗ್ ಅವರು 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಹೊರಡಿಸಿದರು, 1847ರಲ್ಲಿ ತುಳುವಿನಲ್ಲಿ ಹೊಸ ಒಡಂಬಡಿಕೆ ಬಂತು, 1894ರಲ್ಲಿ ಕಿಟ್ಟೆಲರ ನಿಘಂಟು ಬಂತು. ಇವೆಲ್ಲ ಪಠ್ಯಪುಸ್ತಕದಲ್ಲಿವೆ. ಪಠ್ಯಪುಸ್ತಕದಲ್ಲಿ ಕಾಣದ ಒಂದು ಮಾತೆಂದರೆ ದೀಕ್ಷಾಸ್ನಾನ ತೆಗೆದುಕೊಂಡವನಿಗೆ ಮರುದಿನ ಬೆಳಿಗ್ಗೆ ಕೆಲಸ ಇರುತ್ತಿರಲಿಲ್ಲ. ಕುಲಕಸುಬು ತಪ್ಪುತ್ತಿತ್ತು, ಒಕ್ಕಲು ತಪ್ಪುತ್ತಿತ್ತು, ಕೆಲವೊಮ್ಮೆ ಮನೆಯೂ ತಪ್ಪುತ್ತಿತ್ತು. ನೇಯ್ಗೆಯ ಕಾರ್ಖಾನೆ, ಪುಸ್ತಕ ಕಟ್ಟುವ ಶಾಲೆ, 1865ರಲ್ಲಿ ಮಿಶನ್ನಿನ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಶುರುಮಾಡಿದ ಹಂಚಿನ ಕಾರ್ಖಾನೆ, ಇವೆಲ್ಲ ಹುಟ್ಟಿದ್ದಕ್ಕೆ ಆ ಹಸಿವು ದೊಡ್ಡ ಕಾರಣ. ಮಂಗಳೂರು ಹಂಚಿನ ಅಂದವನ್ನು ಹೊಗಳುವವರು ಅದರ ಹಿಂದಿದ್ದ ಈ ಲೆಕ್ಕಾಚಾರವನ್ನೂ ಒಮ್ಮೆ ನೆನೆಯಬೇಕು.

ಆ ಮಿಶನ್ ತನ್ನ ಬಿಳಿಯ ಪಾದ್ರಿಗಳ ವಿವರಗಳನ್ನು ಬಹಳ ಜೋಪಾನವಾಗಿ ಇಟ್ಟಿದೆ. ಅವರು ಬರೆದ ಕಾಗದಗಳು, ಅವರಿಗೆ ಹೆಣ್ಣು ಗೊತ್ತುಮಾಡಲು ಬಾಸೆಲಿನ ಕಮಿಟಿ ನಡೆಸಿದ ಪತ್ರವ್ಯವಹಾರ, ಹಡಗಿನಲ್ಲಿ ಬಂದ ವಧುಗಳ ಹೆಸರು, ಎಲ್ಲವೂ ಅಲ್ಲಿಯ ಪತ್ರಾಗಾರದಲ್ಲಿವೆ. ಮನೆಮನೆಗೆ ಹೋಗಿ ಓದಿ ಹೇಳುತ್ತಿದ್ದ ನಮ್ಮ ಬೈಬಲ್ ಸ್ತ್ರೀಯರು ಮಾತ್ರ ವಾರ್ಷಿಕ ವರದಿಗಳಲ್ಲಿ ಹೆಚ್ಚಾಗಿ ಸಂಖ್ಯೆಗಳಾಗಿ ಉಳಿದಿದ್ದಾರೆ. ಅತ್ತೆಯ ಅಜ್ಜಿ ಅಂಥ ಒಬ್ಬ ಬೈಬಲ್ ಸ್ತ್ರೀ. ಯಾವುದೋ ವರ್ಷದ ಯಾವುದೋ ಕೋಷ್ಟಕದ ಒಂದು ಅಂಕಿಯೊಳಗೆ ಅವರೂ ಇರಬೇಕು.

ಅತ್ತೆ ಹುಟ್ಟಿದ್ದು 1931ರಲ್ಲಿ. ಆಗ ಇದು ಮದ್ರಾಸು ಪ್ರಾಂತ. ಅವರ ತಂದೆ, ಅಂದರೆ ನನ್ನ ಅಜ್ಜ, ಮಿಶನ್ ಪ್ರೆಸ್ಸಿನಲ್ಲಿ ಪುಸ್ತಕ ಕಟ್ಟುವ ಕೆಲಸದಲ್ಲಿದ್ದರು. 1914ರ ಯುದ್ಧದಲ್ಲಿ ಜರ್ಮನ್ ಪಾದ್ರಿಗಳನ್ನು ಬ್ರಿಟಿಷ್ ಸರಕಾರ ಬಂಧಿಸಿತು. ಹಂಚು, ನೇಯ್ಗೆಯ ಕಾರ್ಖಾನೆಗಳು ಯುದ್ಧ ಮುಗಿದ ಮೇಲೆ ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. 1939ರಲ್ಲಿ ಮತ್ತೆ ಅದೇ ಪಾಡಾಯಿತು. ಎಂಟು ವರ್ಷದ ಹುಡುಗಿಯಾಗಿ ಅತ್ತೆಗೆ ಆ ವರ್ಷದ ನೆನಪಿತ್ತು. ದೊರೆಗಳು ಹೋದರು, ಸಭೆ ಮುಚ್ಚುತ್ತದೆ ಎಂದು ಹಿರಿಯರು ಮಾತಾಡಿಕೊಂಡರಂತೆ. ಮುಂದಿನ ಭಾನುವಾರ ಗಂಟೆ ಹೊಡೆಯಿತು, ಹೆಂಗಸರು ಎಂದಿನಂತೆ ಬಂದು ಕೂತರು, ಸಭೆ ನಡೆಯಿತು. "ದೊರೆಗಳಿಲ್ಲದೆ ನಡೆಯುತ್ತದೆ ಎಂದು ನಮಗೆ ಅವತ್ತೇ ಗೊತ್ತಾಯಿತು, ಗಂಡಸರಿಗೆ ಸ್ವಲ್ಪ ತಡವಾಗಿ ಗೊತ್ತಾಯಿತು" ಎನ್ನುತ್ತಿದ್ದರು.

ಮನೆಯಲ್ಲಿ ತುಳು, ದೇವಾಲಯದಲ್ಲಿ ಕನ್ನಡ. ನಮ್ಮ ಕರಾವಳಿಯ ಪ್ರೊಟೆಸ್ಟಂಟ್ ಮನೆಗಳಲ್ಲಿ ಇದು ಎಷ್ಟು ಸಹಜವೆಂದರೆ ನಾವು ಯಾರೂ ಗಮನಿಸುವುದಿಲ್ಲ. ಅತ್ತೆ ಜಗಳ ತುಳುವಿನಲ್ಲಿ ಆಡುತ್ತಿದ್ದರು, ಪ್ರಾರ್ಥನೆಯನ್ನು ಕನ್ನಡದಲ್ಲಿ ಮಾಡುತ್ತಿದ್ದರು. ಊಟದ ಮುಂಚೆ ಮಕ್ಕಳು ಗಲಾಟೆ ಮಾಡಿದರೆ ಪ್ರಾರ್ಥನೆಯ ನಡುವೆ ಕಣ್ಣು ಮುಚ್ಚಿಕೊಂಡೇ ಒಂದು ವಾಕ್ಯ ತುಳುವಿನಲ್ಲಿ ಬೈದು, ಕನ್ನಡದಲ್ಲಿ ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದರು. ಪಕ್ಕದ ಮನೆಯವರು ಕೊಂಕಣಿಯ ಕಥೊಲಿಕರು, ಆಚೆ ಮನೆ ಬಿಲ್ಲವರದು, ಎದುರು ಬ್ಯಾರಿಗಳು. ಕ್ರಿಸ್ಮಸ್ಸಿನ ತಟ್ಟೆ ಇಲ್ಲಿಂದ ಹೋಗುತ್ತಿತ್ತು, ಅಷ್ಟಮಿಯ ಮೂಡೆ ಅಲ್ಲಿಂದ ಬರುತ್ತಿತ್ತು. ಇದನ್ನು ಸೌಹಾರ್ದ ಎಂದು ಕರೆದು ವೇದಿಕೆಯ ಮೇಲೆ ಭಾಷಣ ಮಾಡಬೇಕಾದ ಕಾಲ ಆಗ ಬಂದಿರಲಿಲ್ಲ.

ಶಿಕ್ಷಕಿಯ ತರಬೇತಿ ಮುಗಿಸಿ ಅವರು ಪ್ರಾಥಮಿಕ ಶಾಲೆಗೆ ಸೇರಿದರು. ಅವರ ತಂಗಿ ಉಡುಪಿಯ ಮಿಶನ್ ಆಸ್ಪತ್ರೆಗೆ ನರ್ಸ್ ಆಗಿ ಹೋದರು, ಸ್ವಿಸ್ ವೈದ್ಯೆ ಇವಾ ಲೊಂಬಾರ್ಡ್ 1923ರಲ್ಲಿ ಹೆಂಗಸರಿಗೂ ಮಕ್ಕಳಿಗೂ ಎಂದು ಆರಂಭಿಸಿದ ಆಸ್ಪತ್ರೆ ಅದು. ಆ ಕಾಲದಲ್ಲಿ ನಮ್ಮ ಹುಡುಗಿಯರಿಗೆ ತೆರೆದಿದ್ದ ಬಾಗಿಲು ಹೆಚ್ಚುಕಡಿಮೆ ಈ ಎರಡೇ. ಮದುವೆ ಹಂಚಿನ ಕಾರ್ಖಾನೆಯ ಗುಮಾಸ್ತರೊಂದಿಗೆ ಆಯಿತು. ನಾಲ್ಕು ಮಕ್ಕಳು. ಕೊನೆಯ ಮಗುವಿಗೆ ಮೂರು ವರ್ಷವಾಗಿದ್ದಾಗ ಮಾವ ತೀರಿಕೊಂಡರು. ಆ ದುಃಖದ ಬಗ್ಗೆ ಅವರು ನನ್ನೊಡನೆ ಮಾತಾಡಿದವರಲ್ಲ, ಹಾಗಾಗಿ ನಾನೂ ಮಾತಾಡುವುದಿಲ್ಲ.

ಅತ್ತೆ ಬರೆದಿಟ್ಟ ಅನ್ಯೋನ್ಯ ಕೂಟದ ಲೆಕ್ಕದ ಪುಸ್ತಕಗಳಿಗೆ ಬರುತ್ತೇನೆ. ನಾನು ತೋರಿಸಬೇಕೆಂದು ತಂದಿರುವ ಅಂಗಿ ಅದು.

ಇಲ್ಲಿ ಮೇಜಿನ ಮೇಲೆ ಇರುವುದು ಅವುಗಳಲ್ಲಿ ಮೊದಲನೆಯದು. ಉದ್ದಕ್ಕೆ, ಕಿರಿದಾಗಿ ಇದೆ. ಬೆನ್ನಿಗೆ ಕೆಂಪು ಬಟ್ಟೆ. ಒಳಗಿನ ಹಾಳೆಗಳು ಒಂದೇ ದಪ್ಪದವಲ್ಲ, ಒಂದೇ ಬಣ್ಣದವೂ ಅಲ್ಲ, ಯಾಕೆಂದರೆ ಅಜ್ಜ ಪ್ರೆಸ್ಸಿನಲ್ಲಿ ಕತ್ತರಿಸಿ ಉಳಿದ ಕಾಗದದ ತುಂಡುಗಳನ್ನು ಕೇಳಿ ತಂದು ಮಗಳಿಗಾಗಿ ಹೊಲಿದ ಪುಸ್ತಕ ಇದು. ದಾರಕ್ಕೆ ಮೇಣ ಹಚ್ಚಿ ಹೊಲಿದಿದ್ದಾರೆ, ಇಷ್ಟು ವರ್ಷವಾದರೂ ಒಂದು ಹಾಳೆ ಕಳಚಿಲ್ಲ. ಅಜ್ಜ ತೀರಿದ ಮೇಲಿನ ಪುಸ್ತಕಗಳನ್ನು ಅತ್ತೆಯೇ ಹೊಲಿದುಕೊಂಡರು. ಅವುಗಳ ಹೊಲಿಗೆ ಅಷ್ಟು ನೆಟ್ಟಗಿಲ್ಲ.

ಎಡಗಡೆಯ ಪುಟದಲ್ಲಿ ಜಮೆ. ಮುಖ್ಯವಾಗಿ ಹಿಡಿ ಅಕ್ಕಿಯ ಲೆಕ್ಕ. ಈಗಿನವರಿಗೆ ಗೊತ್ತಿಲ್ಲದಿರಬಹುದು: ಅನ್ನಕ್ಕೆ ಅಕ್ಕಿ ತೊಳೆಯುವ ಮೊದಲು ಒಂದು ಹಿಡಿ ತೆಗೆದು ಬೇರೆ ಡಬ್ಬಿಯಲ್ಲಿ ಹಾಕುವುದು, ವಾರಕ್ಕೊಮ್ಮೆ ಅದನ್ನು ಕೂಟಕ್ಕೆ ಒಪ್ಪಿಸುವುದು. ಈ ಪದ್ಧತಿ ನಮ್ಮದು ಮಾತ್ರವಲ್ಲ. ಮಿಜೋರಾಮಿನ ಪ್ರೆಸ್ಬಿಟೇರಿಯನ್ ಹೆಂಗಸರು 1910ರಿಂದ ಇದನ್ನು ನಡೆಸಿಕೊಂಡು ಬಂದಿದ್ದಾರೆ, ಅಲ್ಲಿಯ ಸಭೆಯ ಆದಾಯದಲ್ಲಿ ಅದಕ್ಕೆ ಒಂದು ದೊಡ್ಡ ಪಾಲಿದೆ. ಹಣ ಗಂಡಸಿನ ಜೇಬಿನಲ್ಲಿರುತ್ತದೆ, ಅಕ್ಕಿಯ ಡಬ್ಬಿ ಹೆಂಗಸಿನ ಕೈಯಲ್ಲಿರುತ್ತದೆ. ಯಾರನ್ನೂ ಕೇಳದೆ ಅವಳು ಕೊಡಬಹುದಾದದ್ದು ಆ ಒಂದು ಹಿಡಿ. ಯಾವ ಸ್ತ್ರೀಯೂ ಗಂಡನ ಒಪ್ಪಿಗೆಗೆ ಕಾಯದೆ ದಾನಿಯಾಗಲು ಇದಕ್ಕಿಂತ ಜಾಣ ಉಪಾಯ ನನಗೆ ಕಾಣುವುದಿಲ್ಲ.

ಬಲಗಡೆಯ ಪುಟದಲ್ಲಿ ಖರ್ಚು. 1968ರ ಆಟಿ, ಅಂದರೆ ಮಳೆಗಾಲದ ನಡುವೆ ಬರುವ ತುಳು ತಿಂಗಳಿನ ಒಂದು ಪುಟವನ್ನು ಓದುತ್ತೇನೆ. ಒಂದು ಮನೆಗೆ, ಅಕ್ಕಿ 4 ಸೇರು. ಒಂದು ಮನೆಗೆ, ಅಕ್ಕಿ 3 ಸೇರು, ಸೀಮೆಎಣ್ಣೆ. ಒಂದು ಮನೆಗೆ, ಕೊಡೆ 1. ಒಂದು ಮನೆಗೆ, ಬಾಣಂತಿಗೆ ಬೆಲ್ಲ. ಒಂದು ಮನೆಗೆ, ಶಾಲೆಯ ಪುಸ್ತಕ, ಹಳೆಯದು. ಆಟಿ ಎಂದರೆ ನಮ್ಮ ಹಿರಿಯರಿಗೆ ಹೇಳಬೇಕಾಗಿಲ್ಲ. ನೇಜಿ ನೆಡುವುದು ಮುಗಿದಿರುತ್ತದೆ, ಹೊಲದಲ್ಲಿ ಕೆಲಸವಿಲ್ಲ, ಕಡಲಿಗೆ ದೋಣಿ ಇಳಿಯುವುದಿಲ್ಲ, ಮಳೆಯ ತೇವಕ್ಕೆ ಹಂಚು ಒಣಗುವುದಿಲ್ಲ. ಪುಸ್ತಕದುದ್ದಕ್ಕೂ ನೋಡಿ, ಆಟಿಯಲ್ಲಿ ಬಲಗಡೆಯ ಪುಟ ತುಂಬಿ ಅಂಚಿನಲ್ಲಿ ಬರೆದಿದ್ದಾರೆ. ಮನೆ ಯಾವುದು ಎಂದು ಎಲ್ಲಿಯೂ ಬರೆದಿಲ್ಲ. ಇಷ್ಟೂ ಪುಸ್ತಕಗಳಲ್ಲಿ ಪಡೆದವರ ಒಂದು ಹೆಸರೂ ಇಲ್ಲ. ಲೆಕ್ಕ ತಪಾಸಣೆಗೆ ಬಂದ ಹಿರಿಯರೊಬ್ಬರು ಒಮ್ಮೆ ಕೇಳಿದರಂತೆ, ಇದು ಯಾವ ಮನೆ ಎಂದು ಗೊತ್ತಾಗದೆ ಸಹಿ ಹಾಕುವುದು ಹೇಗೆ ಎಂದು. "ಹಾಕಬೇಡಿ" ಎಂದರಂತೆ ಅತ್ತೆ. ಆ ವರ್ಷದ ಪುಟದ ಕೆಳಗೆ ಸಹಿ ಇಲ್ಲ. ಮುಂದಿನ ವರ್ಷದಿಂದ ಇದೆ.

ಇನ್ನೊಂದು ಪುಟ ಇದಕ್ಕೆ ತೀರ ವಿರುದ್ಧ. ಬೆಳೆಹಬ್ಬದ ಏಲಮಿನ ಲೆಕ್ಕ. ದೇವಾಲಯಕ್ಕೆ ತಂದ ಬಾಳೆಗೊನೆ, ಗೆಣಸು, ಕುಂಬಳಕಾಯಿ, ಕೋಳಿ ಎಲ್ಲವನ್ನೂ ಅಂಗಳದಲ್ಲಿ ಏಲಂ ಹಾಕುತ್ತೇವಲ್ಲ, ಮುಂಬಯಿಯಿಂದ ರಜೆಗೆ ಬಂದವರು ಹುರುಪಿನಲ್ಲಿ ಒಂದು ಮೊಟ್ಟೆಗೆ ಕೋಳಿಯ ಬೆಲೆ ಕೂಗಿ ಚಪ್ಪಾಳೆ ಗಿಟ್ಟಿಸಿ, ಹಣ ಕೊಡದೆ ರೈಲು ಹತ್ತುತ್ತಾರಲ್ಲ, ಅವರ ಪಟ್ಟಿ. ಇಲ್ಲಿ ಮಾತ್ರ ಪೂರ್ತಿ ಹೆಸರು, ತಂದೆಯ ಹೆಸರು, ಮುಂಬಯಿಯ ವಿಳಾಸ, ಮುಂದೆ 'ಬಾಕಿ' ಎಂದು ಕೆಂಪು ಶಾಯಿಯಲ್ಲಿ ಬರೆದಿದೆ. ಪಡೆದವರ ಹೆಸರನ್ನು ಮುಚ್ಚಿಟ್ಟ ಕೈಯೇ ಕೊಡದವರ ಹೆಸರನ್ನು ಇಷ್ಟು ಅಂದವಾಗಿ ಬರೆದಿದೆ. ಅವರಲ್ಲಿ ಒಬ್ಬರ ಮೊಮ್ಮಗ ಇಲ್ಲಿ ಎರಡನೆಯ ಸಾಲಿನಲ್ಲಿ ಕೂತಿದ್ದಾರೆ. ಬಾಕಿ ಚುಕ್ತಾ ಆಗಿದೆ, ಹೆದರಬೇಡಿ.

ಶಾಲೆಯಲ್ಲಿಯೂ ಅವರದು ಇದೇ ರೀತಿ. ಅಮೆರಿಕದಿಂದ ಬಂದ ಗೋಧಿಯ ಉಪ್ಪಿಟ್ಟನ್ನು ಮಧ್ಯಾಹ್ನ ಬಡಿಸುತ್ತಿದ್ದ ಕಾಲ ನಿಮ್ಮಲ್ಲಿ ಹಲವರಿಗೆ ನೆನಪಿದೆ. ಉಳಿದ ಉಪ್ಪಿಟ್ಟನ್ನು ಬಾಳೆ ಎಲೆಯಲ್ಲಿ ಕಟ್ಟಿ ಕೆಲವು ಮಕ್ಕಳ ಚೀಲಕ್ಕೆ ಹಾಕುತ್ತಿದ್ದರು. ಆ ಮಕ್ಕಳನ್ನು "ನಿನ್ನ ಕಾಪಿ ಪುಸ್ತಕ ನೋಡಬೇಕು, ನಿಲ್ಲು" ಎಂದು ಗದರಿಸಿ ನಿಲ್ಲಿಸಿಕೊಳ್ಳುತ್ತಿದ್ದರು. ಉಳಿದವರು ಪಾಪ, ಅವನಿಗೆ ಇವತ್ತೂ ಪೆಟ್ಟು ಎಂದುಕೊಂಡು ಮನೆಗೆ ಓಡುತ್ತಿದ್ದೆವು. ಇದನ್ನು ನನಗೆ ಹೇಳಿದವರು ಹಾಗೆ ನಿಂತವರಲ್ಲಿ ಒಬ್ಬರು, ಅದೂ ಅತ್ತೆಯನ್ನು ಮಣ್ಣು ಮಾಡಿ ಬಂದ ದಿನ.

ಈಗ ಸ್ವಲ್ಪ ಬಿಸಿಯಾದ ವಿಷಯ. 1974ರ ಮಾರ್ಚ್ 1ರಿಂದ ದೇವರಾಜ ಅರಸರ ಸರಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ಗೇಣಿಗೆ ಉಳುತ್ತಿದ್ದವರು ಏಳನೆಯ ನಮೂನೆಯ ಅರ್ಜಿ ತುಂಬಿ ಕೊಟ್ಟರೆ ಭೂನ್ಯಾಯಮಂಡಳಿ ವಿಚಾರಿಸಿ ಭೂಮಿಯನ್ನು ಅವರ ಹೆಸರಿಗೆ ಮಾಡಬೇಕು. ನಮ್ಮ ಜಿಲ್ಲೆಯಲ್ಲಿ ಇದಕ್ಕೆ 'ಡಿಕ್ಲರೇಶನ್ ಕೊಡುವುದು' ಎಂದೇ ಹೆಸರಾಯಿತು. ಅರ್ಜಿ ಕೊಡುವ ಅವಧಿಯನ್ನು ವಿಸ್ತರಿಸುತ್ತಾ ಕೊನೆಗೆ 1979ರ ಜೂನ್ 30ಕ್ಕೆ ನಿಲ್ಲಿಸಿದರು. ಕಾನೂನು ಬಂತು, ಆದರೆ ಗೇಣಿದಾರರ ಮನೆಗಳಲ್ಲಿ ಅರ್ಜಿ ತುಂಬಲು ಬರುತ್ತಿದ್ದವರು ಎಷ್ಟು ಮಂದಿ? ಸರ್ವೆ ನಂಬರು ಎಂದರೇನು ಎಂದು ತಿಳಿಯದ ವಿಧವೆಯರು, ಗಂಡ ಗಟ್ಟದ ಮೇಲೆ ಕೆಲಸಕ್ಕೆ ಹೋದ ಹೆಂಗಸರು ಸಂಜೆ ಶಾಲೆ ಬಿಟ್ಟ ಮೇಲೆ ಬಂದು ಜಗಲಿಯ ಕೆಳಗೆ ಕೂರುತ್ತಿದ್ದರು. ಅತ್ತೆ ಅವರನ್ನು ಜಗಲಿಯ ಮೇಲೆ ಕೂರಿಸಿ ಒಬ್ಬೊಬ್ಬರದನ್ನೇ ತುಂಬಿಕೊಡುತ್ತಿದ್ದರು. ಅವರಲ್ಲಿ ಹೆಚ್ಚಿನವರು ನಮ್ಮ ಸಭೆಯವರಲ್ಲ.

ಅವುಗಳಲ್ಲಿ ಕೆಲವು ಅರ್ಜಿಗಳು ನಮ್ಮದೇ ಸಭೆಯ ಒಬ್ಬ ಹಿರಿಯರ ಭೂಮಿಗೆ ಸಂಬಂಧಿಸಿದ್ದವು. ಅವರು ಕೆಟ್ಟವರಾಗಿರಲಿಲ್ಲ, ಆ ಭೂಮಿ ಹೋದರೆ ಅವರ ಮನೆಗೂ ಕಷ್ಟವಿತ್ತು, ಅದನ್ನು ಹೇಳದೆ ಇರುವುದು ನ್ಯಾಯವಲ್ಲ. ಅವರು ಸಿಟ್ಟಿನಿಂದ ಶಾಲೆಯ ಆಡಳಿತದವರಿಗೆ ದೂರು ಕೊಟ್ಟರು. ಅತ್ತೆಯನ್ನು ಕರೆಸಿ ವಿಚಾರಿಸಿದರು. ನಾಲ್ಕು ಮಕ್ಕಳ ವಿಧವೆ, ಕೈಯಲ್ಲಿರುವುದು ಅದೊಂದೇ ಕೆಲಸ. "ಅರ್ಜಿ ಕನ್ನಡದಲ್ಲಿದೆ. ಕನ್ನಡ ಓದಿಸಿ ಬರೆಸುವುದಕ್ಕೆ ನನಗೆ ಸಂಬಳ ಕೊಡುತ್ತಿದ್ದೀರಿ" ಎಂದು ಹೇಳಿ ಎದ್ದು ಬಂದರಂತೆ. ಮುಂದೆ ಏನೂ ಆಗಲಿಲ್ಲ. ಅಥವಾ ಆದದ್ದನ್ನು ಅವರು ಹೇಳಲಿಲ್ಲ. ಮುಂದಿನ ಭಾನುವಾರ ಎಂದಿನ ಬೆಂಚಿನಲ್ಲಿ ಕೂತರು. ಆ ಹಿರಿಯರು ಮಾತು ಬಿಟ್ಟರು. ಅತ್ತೆ ಬಿಡಲಿಲ್ಲ, ಪ್ರತಿ ಭಾನುವಾರ ಮೆಟ್ಟಿಲ ಬಳಿ ನಿಂತು ಅವರಿಗೆ ನಮಸ್ಕಾರ ಹೇಳುತ್ತಿದ್ದರು, ಉತ್ತರ ಬರಲಿ ಬಿಡಲಿ. ನೋಡುವವರಿಗೆ ಅದು ವಿನಯದಂತೆ ಕಾಣುತ್ತಿತ್ತು. ನನಗೆ ಅದರಲ್ಲಿ ಸ್ವಲ್ಪ ಹಟವೂ ಕಾಣುತ್ತಿತ್ತು.

ಹಟದ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಅವರ ಎರಡನೆಯ ಮಗ ಕಥೊಲಿಕ ಹುಡುಗಿಯನ್ನು ಇಷ್ಟಪಟ್ಟಾಗ ಅತ್ತೆ ಮದುವೆಗೆ ಹೋಗಲಿಲ್ಲ. ಬೇಲಿಯಾಚೆಯ ಕಥೊಲಿಕ ಮನೆಗೆ ದಿನಕ್ಕೆ ಎರಡು ಸಲ ಹೋಗುತ್ತಿದ್ದವರು, ಅದೇ ಪಂಗಡದ ಹುಡುಗಿ ಸೊಸೆಯಾಗಿ ಬರುತ್ತಾಳೆ ಎಂದಾಗ ಬಾಗಿಲು ಹಾಕಿಕೊಂಡರು. ನಮ್ಮ ಸಭೆಯೊಳಗಿನ ಸಂಬಂಧಗಳಲ್ಲಿಯೂ "ಅವರು ಮೂಲದಲ್ಲಿ ಯಾರ ಪೈಕಿ?" ಎಂಬ ಪ್ರಶ್ನೆ ಅವರ ಬಾಯಿಂದ ಬಂದದ್ದನ್ನು ನಾನು ಕೇಳಿದ್ದೇನೆ. ದೀಕ್ಷಾಸ್ನಾನದ ನೀರು ಜಾತಿಯನ್ನು ತೊಳೆಯಿತು ಎಂದು ಪ್ರಸಂಗ ಮಾಡುವ ನಾವು, ಮದುವೆಯ ಮಾತು ಬಂದಾಗ ಅದು ಎಷ್ಟು ತೊಳೆದಿದೆ ಎಂದು ಒಮ್ಮೆ ನೋಡಿಕೊಳ್ಳಬೇಕು. ಆ ಸೊಸೆ ಕೊನೆಗೆ ಮನೆಯೊಳಗೆ ಬಂದದ್ದು ಅತ್ತೆಗೆ ಕಾಲು ಮುರಿದಾಗ. ಯಾರೂ ಕರೆಯದೆ ಬಂದು ಅವರೇ ಆರೈಕೆ ಮಾಡಿದರು. ಕೊನೆಯ ಹನ್ನೆರಡು ವರ್ಷ ಅತ್ತೆಯನ್ನು ನೋಡಿಕೊಂಡವರೂ ಅವರೇ. ಅತ್ತೆ ಅವರಲ್ಲಿ ಎಂದಾದರೂ ಕ್ಷಮೆ ಕೇಳಿದರೇ ಎಂದು ವಿಚಾರಿಸಿದ್ದೆ. ಇಲ್ಲ, ಆದರೆ ಲೆಕ್ಕದ ಪುಸ್ತಕಗಳ ಪೆಟ್ಟಿಗೆಯ ಬೀಗದ ಕೈ ನನಗೆ ಕೊಟ್ಟರು ಎಂದರು. ಅವರಿಗೆ ಅಷ್ಟು ಸಾಕಾಗಿತ್ತೋ ಏನೋ. ನನಗೆ ಸಾಲದು ಅನಿಸುತ್ತದೆ.

ನಮ್ಮಲ್ಲಿ ಹಿರಿಯ ಹೆಂಗಸಿನ ಶವಸಂಸ್ಕಾರದಲ್ಲಿ ಜ್ಞಾನೋಕ್ತಿಗಳ ಮೂವತ್ತೊಂದನೆಯ ಅಧ್ಯಾಯವನ್ನು ಓದುವುದು ವಾಡಿಕೆ. ಗುಣವತಿಯಾದ ಸತಿಯ ವರ್ಣನೆ. ಅತ್ತೆಗೂ ಅದನ್ನೇ ಓದಿದರು, ಅವಳ ಬೆಲೆ ಹವಳಕ್ಕಿಂತ ಹೆಚ್ಚು ಎಂದು ಶುರುವಿನ ಎರಡು ವಚನ, ಮಕ್ಕಳು ಎದ್ದು ಅವಳನ್ನು ಧನ್ಯಳೆನ್ನುತ್ತಾರೆ ಎಂದು ಕೊನೆಯ ಭಾಗದ ಎರಡು ವಚನ. ಹೊತ್ತಾಗಿತ್ತು, ಬಿಸಿಲಿತ್ತು, ತಪ್ಪು ಹೇಳುತ್ತಿಲ್ಲ. ಆದರೆ ಬಿಟ್ಟ ನಡುವಿನ ಭಾಗದಲ್ಲಿ ಏನಿದೆ ನೋಡಿ. ಆ ಹೆಂಗಸು ಕತ್ತಲಿರುವಾಗಲೇ ಏಳುತ್ತಾಳೆ. ಹೊಲವನ್ನು ನೋಡಿ ವಿಚಾರಿಸಿ ಕೊಳ್ಳುತ್ತಾಳೆ. ತನ್ನ ಕೈಯ ಸಂಪಾದನೆಯಿಂದ ದ್ರಾಕ್ಷೆಯ ತೋಟ ಹಾಕುತ್ತಾಳೆ. ಬಟ್ಟೆ ನೇಯ್ದು ವ್ಯಾಪಾರಿಗೆ ಮಾರುತ್ತಾಳೆ. ಬಡವರಿಗೆ ಕೈ ನೀಡುತ್ತಾಳೆ. ಅವಳ ಗಂಡ ಈ ಹೊತ್ತಿನಲ್ಲಿ ಎಲ್ಲಿದ್ದಾನೆ? ಊರಬಾಗಿಲಲ್ಲಿ ಹಿರಿಯರ ಜೊತೆ ಕೂತಿದ್ದಾನೆ! ನಮ್ಮ ಸಭೆಯ ವ್ಯವಸ್ಥೆಯನ್ನು ಯಾರೋ ಮೂರು ಸಾವಿರ ಮೈಲಿ ದೂರದಲ್ಲಿ ಕೂತು ನೋಡಿ ಬರೆದಂತಿದೆ.

ಅತ್ತೆ ಸಭಾಹಿರಿಯರಾಗಲಿಲ್ಲ. ಕಾಣಿಕೆಯ ಚೀಲ ಎಣಿಸಲು ಅವರು ಬೇಕಿತ್ತು, ಭಾನುವಾರ ಶಾಲೆ ನಡೆಸಲು ಬೇಕಿತ್ತು, ಸಭಾಪಾಲಕರು ವರ್ಗವಾಗಿ ಹೊಸಬರು ಬರುವವರೆಗೆ ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ ಎಂದು ನೆನಪಿಟ್ಟುಕೊಳ್ಳಲು ಬೇಕಿತ್ತು. ಕಮಿಟಿಯ ಮೇಜಿನ ಸುತ್ತ ಮಾತ್ರ ಗಂಡಸರು ಕೂರುತ್ತಿದ್ದರು, ಚಹಾ ಈ ಹೆಂಗಸರು ಕಳಿಸುತ್ತಿದ್ದರು. ಹೆಂಗಸರಿಗೆ ಆ ಮೇಜಿನಲ್ಲಿ ಜಾಗ ಸಿಗುವ ಹೊತ್ತಿಗೆ ಇವರಿಗೆ ವಯಸ್ಸು ಮೀರಿತ್ತು. 1947ರಲ್ಲಿ ಹಲವು ಪ್ರೊಟೆಸ್ಟಂಟ್ ಸಭೆಗಳು ಒಂದುಗೂಡಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಅತ್ತೆ ಹದಿನಾರರ ಹುಡುಗಿ. ಆ ಸಭೆಗೆ ಮೊದಲ ಮಹಿಳಾ ಬಿಷಪ್ ಬಂದದ್ದು 2013ರಲ್ಲಿ, ಆಂಧ್ರದ ನಂದ್ಯಾಲದಲ್ಲಿ, ಪುಷ್ಪಲಲಿತಾ ಅವರು. ಆಗ ಅತ್ತೆಗೆ ಎಂಬತ್ತೆರಡು. ನಾನು ಉತ್ಸಾಹದಿಂದ ಪತ್ರಿಕೆ ತೆಗೆದುಕೊಂಡು ಹೋಗಿ ಓದಿ ಹೇಳಿದೆ. ಕಣ್ಣಲ್ಲಿ ನೀರು ಬಂದೀತು ಎಂದು ನಾನು ಕಾದಿದ್ದರೆ ಅವರು ಕೇಳಿದ್ದು ಒಂದೇ ಮಾತು: "ಅವರಿಗೆ ಲೆಕ್ಕ ಬರುತ್ತದೆಯೇ?"

ಇಷ್ಟೆಲ್ಲ ಹೇಳಿದ ಮೇಲೆ, ಅವರು ಭಾನುವಾರ ಭಾನುವಾರ ದೇವಾಲಯಕ್ಕೆ ಯಾಕೆ ಹೋಗುತ್ತಿದ್ದರು ಎಂಬ ಪ್ರಶ್ನೆ ಉಳಿಯುತ್ತದೆ. ನಂಬಿಕೆಯಿಂದ, ಅನುಮಾನವಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಬೈಬಲ್ ಓದುತ್ತಿದ್ದರು, ಹಾಡುಗಳಲ್ಲಿ ಆಲ್ಟೋ ಸ್ವರವನ್ನು ಪುಸ್ತಕವಿಲ್ಲದೆ ಹಾಡುತ್ತಿದ್ದರು. ಆದರೆ ಅವರ ನಂಬಿಕೆ ಮಾತಿನಲ್ಲಿ ಬರುತ್ತಿರಲಿಲ್ಲ. ಸಾಕ್ಷಿ ಹೇಳಿ ಎಂದು ಪ್ರಾರ್ಥನಾ ಕೂಟದಲ್ಲಿ ಕರೆದರೆ ಎದ್ದು ನಿಂತು, "ಕಳೆದ ತಿಂಗಳಿನ ಬಾಕಿ ಇಷ್ಟು, ಈ ತಿಂಗಳ ಜಮೆ ಇಷ್ಟು, ದೇವರಿಗೆ ಸ್ತೋತ್ರ" ಎಂದು ಕೂರುತ್ತಿದ್ದರು. ಎಲ್ಲರೂ ನಗುತ್ತಿದ್ದೆವು. ಅವರು ತಮಾಷೆ ಮಾಡುತ್ತಿರಲಿಲ್ಲ ಎಂದು ಆ ಪುಸ್ತಕಗಳನ್ನು ಓದಿದ ಮೇಲೆ ನನಗೆ ಅನಿಸಿದೆ. ದೇವಾಲಯದಿಂದ ಹೊರಗೆ ಬಂದಮೇಲಿನ ಅರ್ಧ ಗಂಟೆ ಅವರಿಗೆ ಒಳಗಿನ ಒಂದೂವರೆ ಗಂಟೆಯಷ್ಟೇ ಮುಖ್ಯವಾಗಿತ್ತು. ಯಾರು ಬಂದಿಲ್ಲ ಎಂದು ನೋಡುವುದು, ಯಾಕೆ ಬಂದಿಲ್ಲ ಎಂದು ತಿಳಿಯುವುದು, ಸಂಜೆ ಆ ಮನೆಗೆ ಹೋಗುವುದು. ಆರಾಧನೆ ತಪ್ಪಿಸಿಕೊಂಡರೆ ದೇವರಿಗಿಂತ ಮೊದಲು ದೊಡ್ಡ ಟೀಚರಿಗೆ ಉತ್ತರ ಹೇಳಬೇಕು ಎಂದು ನಮ್ಮ ಪ್ರಾಯದವರು ಹೆದರುತ್ತಿದ್ದದ್ದು ಸುಮ್ಮನೆ ಅಲ್ಲ.

2020ರ ಮಾರ್ಚಿ ತಿಂಗಳಿನಲ್ಲಿ ದೇವಾಲಯಗಳು ಮುಚ್ಚಿದವು. ಆರಾಧನೆ ಮೊಬೈಲಿಗೆ ಬಂತು. ಸೊಸೆ ಮೊಬೈಲನ್ನು ಅಕ್ಕಿ ಡಬ್ಬಿಗೆ ಒರಗಿಸಿ ಇಡುತ್ತಿದ್ದರು, ಅತ್ತೆ ಒಗೆದು ಇಸ್ತ್ರಿ ಮಾಡಿದ ಸೀರೆ ಉಟ್ಟು, ಎದ್ದು ನಿಲ್ಲಬೇಕಾದಲ್ಲಿ ಗೋಡೆ ಹಿಡಿದು ಎದ್ದು ನಿಂತು, ಪೂರ್ತಿ ಆರಾಧನೆ ಮುಗಿಸುತ್ತಿದ್ದರು. ಕಾಣಿಕೆಯ ಹಾಡು ಬಂದಾಗ ಬಿಸ್ಕತ್ತಿನ ಡಬ್ಬಿಯೊಳಗೆ ಹತ್ತು ರೂಪಾಯಿ ಹಾಕುತ್ತಿದ್ದರು. ದೇವಾಲಯ ತೆರೆದ ಮೇಲೆ ಆ ಡಬ್ಬಿಯನ್ನು ತಂದು ಖಜಾಂಚಿಯ ಮುಂದೆ ಸುರಿದು, ವಾರ ಲೆಕ್ಕಹಾಕಿ, ರಶೀದಿ ಕೇಳಿದರು. ಖಜಾಂಚಿ ಇಲ್ಲೇ ಇದ್ದಾರೆ, ಬೇಕಾದರೆ ಕೇಳಿ. ಮೊಬೈಲಿನ ಆರಾಧನೆಯ ಬಗ್ಗೆ ಅವರ ದೂರು ಒಂದೇ ಆಗಿತ್ತು: ಅದರಲ್ಲಿ ಯಾರು ಬಂದಿಲ್ಲ ಎಂದು ಕಾಣುವುದಿಲ್ಲ.

ನನ್ನ ಸಮಯ ಮುಗಿದಿದೆ ಎಂದು ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಎರಡು ಕೆಲಸದ ವಿಷಯ ಹೇಳಿ ಕೂರುತ್ತೇನೆ.

ಒಂದು, ಮಂಗಳೂರಿನ ಬಲ್ಮಠದ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಮಿಶನ್ನಿನ ಹಳೆಯ ಕಾಗದಪತ್ರಗಳಿವೆ. ಅನ್ಯೋನ್ಯ ಕೂಟದ ಈ ಪುಸ್ತಕಗಳ ಪ್ರತಿಗಳು ಅವುಗಳ ಪಕ್ಕದಲ್ಲಿ ಕೂರಬೇಕು ಎಂದು ನನ್ನ ಆಸೆ, ಪುಸ್ತಕಗಳು ಮಾತ್ರ ಸೊಸೆಯ ಬಳಿಯೇ ಇರುತ್ತವೆ. ನಿಮ್ಮ ಮನೆಗಳ ಪೆಟ್ಟಿಗೆಗಳಲ್ಲಿಯೂ ಇಂಥವು ಇರಬಹುದು: ಹಿಡಿ ಅಕ್ಕಿಯ ಲೆಕ್ಕ, ಭಾನುವಾರ ಶಾಲೆಯ ಹಾಜರಿ, ಮುಂಬಯಿಗೆ ಬರೆದ ಕಾಗದ. ರದ್ದಿಗೆ ಹಾಕುವ ಮೊದಲು ನನಗೆ ಒಮ್ಮೆ ತೋರಿಸಿ. 'ಒಂದು ಮನೆ' ಎಂದು ಬರೆದಲ್ಲಿ ಅದು ಯಾರ ಮನೆ ಎಂದು ನಿಮಗೆ ಗೊತ್ತಿದ್ದರೂ ದಯವಿಟ್ಟು ಹೇಳಬೇಡಿ.

ಎರಡು, ಬಾಗಿಲ ಬಳಿಯ ಮೇಜಿನ ಮೇಲೆ ಕೂಟದ ಒಂದು ಹಳೆಯ ಫೋಟೋ ಇಟ್ಟಿದ್ದೇವೆ, ಅರುವತ್ತರ ದಶಕದ್ದು. ಮುಂದಿನ ಸಾಲಿನಲ್ಲಿ ಕುರ್ಚಿಯ ಮೇಲೆ ಕೂತ ಗಂಡಸರ ಹೆಸರು ಹಿಂಬದಿಯಲ್ಲಿ ಬರೆದಿದೆ. ನಿಂತ ಹೆಂಗಸರ ಹೆಸರು ಇಲ್ಲ. ಅತ್ತೆ ಎಡಗಡೆಯಿಂದ ಐದನೆಯವರು, ಕಣ್ಣು ಕ್ಯಾಮೆರಾದ ಕಡೆಗಿಲ್ಲ. ಇನ್ನೂ ಕೆಲವರನ್ನು ಗುರುತಿಸಿದ್ದೇವೆ. ಹಿಂದಿನ ಸಾಲಿನಲ್ಲಿ ಮಗುವನ್ನು ಎತ್ತಿಕೊಂಡವರು ಯಾರು, ಅವರ ಪಕ್ಕದಲ್ಲಿ ಕನ್ನಡಕ ಹಾಕಿದವರು ಯಾರು ಎಂದು ತಿಳಿದವರು ಊಟಕ್ಕೆ ಹೋಗುವ ಮೊದಲು ಅಲ್ಲಿರುವ ಹಾಳೆಯಲ್ಲಿ ಬರೆಯಿರಿ. ಪೆನ್ನು ದಾರದಿಂದ ಕಟ್ಟಿದೆ.